ನಾಲ್ಕನೇ ಚಿಟಕ್

ಭಾನುವಾರದ ಸೈಕಲ್ ಗುಂಪಿನಲ್ಲಿ ಒಟ್ಟು ಹದಿನೈದು ಜನ. ಆದರೆ ಈ ವಾರ ದೊಡ್ಡ ಗುಡ್ಡ ಹತ್ತೋಣ, ಹತ್ತು ಕಿಲೋಮೀಟರ್ ಏರು, ಆಮೇಲೆ ಅಷ್ಟೇ ಉದ್ದದ ಇಳಿಜಾರು ಎಂದು ಮೇಷ್ಟ್ರು ಹೇಳಿದ್ದೇ ತಡ, ಹನ್ನೊಂದು ಜನರಿಗೆ ಒಟ್ಟಿಗೇ ಮನೆಗೆಲಸ ನೆನಪಾಯಿತು. ಉಳಿದವರು ನಾಲ್ವರು. ಗಣಿತದ ಮೇಷ್ಟ್ರು, ಹಲ್ಲಿನ ಡಾಕ್ಟರು, ಸ್ಪ್ಯಾನರಕ್ಕ, ಮತ್ತೆ ಅವಳ ತಮ್ಮ.

ಸ್ಪ್ಯಾನರಕ್ಕ ಅಂತ ಹೆಸರಿಟ್ಟವರು ಗುಂಪಿನವರೇ. ಆಸ್ಪತ್ರೆಯ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಗಾಲಿಕುರ್ಚಿ, ಸ್ಟ್ರೆಚರ್, ಮಡಚುವ ಮಂಚ ರಿಪೇರಿ ಮಾಡುವುದು ಅವಳ ಕೆಲಸ. ಅವಳು ಬಿಗಿ ಮಾಡಿದ ನಟ್ಟು ಇನ್ನೊಬ್ಬರು ಮುಟ್ಟಿ ನೋಡುವ ಹಾಗಿಲ್ಲ, ಮುಟ್ಟಿದರೆ ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಗುಂಪಿನಲ್ಲೂ ಅಷ್ಟೇ. ಡಾಕ್ಟರ ವ್ಯಾನಿನಲ್ಲಿ ಸೈಕಲ್‌ಗಳು ಹಿಡಿಸಬೇಕಾದರೆ ಮುಂದಿನ ಗಾಲಿ ಬಿಚ್ಚಬೇಕು. ಗುಡ್ಡದ ಬುಡ ಸೇರಿದ ಮೇಲೆ ನಾಲ್ಕೂ ಗಾಲಿಗಳನ್ನು ಮತ್ತೆ ಹಾಕುವುದು ಸ್ಪ್ಯಾನರಕ್ಕನೇ. ಉಳಿದವರು ಕೈಕಟ್ಟಿ ನಿಂತು ಬಾಳೆಹಣ್ಣು ತಿನ್ನುವುದು. ಇದು ಅವರ ಪದ್ಧತಿ.

ತಮ್ಮನ ಪದ್ಧತಿ ಬೇರೆ. ಇಪ್ಪತ್ತೆರಡು ವರ್ಷ, ಮೈಯಲ್ಲಿ ಮೂಳೆ ಬಿಟ್ಟರೆ ಬರೀ ಉತ್ಸಾಹ. ಏರು ಬಂದರೆ ಎಲ್ಲರಿಗಿಂತ ಮುಂದೆ. ತುದಿಯಲ್ಲಿ ನಿಲ್ಲುವುದೇ ಇಲ್ಲ, ಬೆವರು ಆರಿದರೆ ಶೀತ ಅಂತ ನೆಪ ಹೇಳಿ ನೇರ ಇಳಿಜಾರಿಗೆ ಬೀಳುತ್ತಾನೆ. ಆಚೆ ಬುಡದ ಪೆಟ್ರೋಲ್ ಬಂಕಿನ ಹತ್ತಿರ ಉಳಿದವರಿಗಾಗಿ ಕಾಯುತ್ತಾನೆ, ಹಲ್ಲು ಕಿರಿಯುತ್ತಾ.

ಆವತ್ತೂ ಹಾಗೇ ಹೊರಟರು. ಮೊದಲ ಆರು ಕಿಲೋಮೀಟರ್ ಸ್ಪ್ಯಾನರಕ್ಕನಿಗೆ ಲೋಕದ ಪರಿವೆಯೇ ಇರಲಿಲ್ಲ. ಕಾಲು ತುಳಿ, ಉಸಿರು ಬಿಡು, ಕಾಲು ತುಳಿ. ತಮ್ಮ ಎರಡು ತಿರುವು ಮೇಲೆ ಕೆಂಪು ಚುಕ್ಕಿಯಂತೆ ಕಾಣುತ್ತಿದ್ದ. ಡಾಕ್ಟರು ಅವರಿಬ್ಬರ ನಡುವೆ. ಮೇಷ್ಟ್ರು ಎಲ್ಲೋ ಹಿಂದೆ, ಅವರ ಚೈನಿನ ಕಿರ್‌ಕಿರ್ ಕೂಡ ಕೇಳದಷ್ಟು ಹಿಂದೆ.

ಏಳನೇ ಕಿಲೋಮೀಟರಿನಲ್ಲಿ ರಸ್ತೆ ಗೋಡೆಯಂತೆ ಎದ್ದಿತು. ಅವಳು ತಲೆ ತಗ್ಗಿಸಿದಳು. ಮೂಗಿನ ನೇರಕ್ಕೆ ತನ್ನದೇ ಮುಂದಿನ ಬ್ರೇಕು. ಅದರ ಪಕ್ಕದಲ್ಲಿ ಕಿರುಬೆರಳಿನ ಅರ್ಧದಷ್ಟು ಸಣ್ಣ ಲಿವರ್. ಗಾಲಿ ಬಿಚ್ಚುವಾಗ ಅದನ್ನು ಮೇಲೆತ್ತಬೇಕು, ಬ್ರೇಕಿನ ಎರಡು ರಬ್ಬರ್‌ಗಳು ದೂರ ಸರಿದು ಗಾಲಿ ಹೊರಬರಲು ಜಾಗ ಆಗುತ್ತದೆ. ಗಾಲಿ ಹಾಕಿದ ಮೇಲೆ ಕೆಳಗೊತ್ತಬೇಕು. ಚಿಟಕ್ ಅನ್ನುತ್ತದೆ. ಒತ್ತದಿದ್ದರೆ ಬ್ರೇಕು ಹಿಡಿದರೂ ರಬ್ಬರು ಗಾಲಿಯನ್ನು ಕಚ್ಚುವುದಿಲ್ಲ.

ತನ್ನದು ಮುಚ್ಚಿತ್ತು. ಸರಿ. ಮೇಷ್ಟ್ರದ್ದು? ಚಿಟಕ್, ನೆನಪಿದೆ. ಡಾಕ್ಟರದ್ದು? ಚಿಟಕ್. ತಮ್ಮನದು?

ತಮ್ಮನ ಗಾಲಿ ಕೂರಿಸಿ ಅಚ್ಚು ಬಿಗಿ ಮಾಡಿದ್ದಳು. ಅಷ್ಟರಲ್ಲಿ ಅವನು ಹಿಂದಿನಿಂದ ಬಂದು ಅವಳ ಕುತ್ತಿಗೆಗೆ ಬಾಟಲಿಯ ತಣ್ಣೀರು ಸುರಿದ. ಅವಳು "ನಿನ್ನ ಚರ್ಮ ಸುಲೀತೀನಿ" ಅಂತ ಪಂಪು ಎತ್ತಿಕೊಂಡು ವ್ಯಾನಿನ ಸುತ್ತ ಅಟ್ಟಿಸಿಕೊಂಡು ಹೋದಳು. ಡಾಕ್ಟರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಸೀಟಿ ಊದಿದರು. ಎಲ್ಲರೂ ಹತ್ತಿ ಹೊರಟೇಬಿಟ್ಟರು.

ನಾಲ್ಕನೇ ಚಿಟಕ್ ಎಲ್ಲಿ?

ಇನ್ನೊಮ್ಮೆ ನೆನಪು ಮಾಡಿಕೊಂಡಳು. ನೀರು, ಪಂಪು, ನಗು, ಸೀಟಿ. ಚಿಟಕ್ ಇಲ್ಲ. ಏರಿನಲ್ಲಿ ಬ್ರೇಕು ಹಿಡಿಯುವವರು ಯಾರು? ವ್ಯಾನಿನಿಂದ ಇಲ್ಲಿಯವರೆಗೆ ಬರೀ ಏರು. ಅವನಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಆಚೆ ಕಡೆ, ಅರವತ್ತರ ವೇಗದಲ್ಲಿ, ಒಂದು ಬದಿ ಬಂಡೆ, ಇನ್ನೊಂದು ಬದಿ ಮೊಣಕಾಲೆತ್ತರದ ಗೋಡೆ, ಅದರಾಚೆ ಏನೂ ಇಲ್ಲದ ಜಾಗದಲ್ಲಿ.

ಅವನ ಫೋನು ವ್ಯಾನಿನ ಸೀಟಿನ ಮೇಲೆ ಬಿದ್ದಿತ್ತು. ಭಾರ ಅಂತ ಅಲ್ಲೇ ಬಿಟ್ಟು ಬಂದಿದ್ದ, ಮಹಾರಾಯ.

ಇನ್ನು ಮೂರು ಕಿಲೋಮೀಟರಿನೊಳಗೆ ಅವನನ್ನು ಹಿಡಿಯಬೇಕು. ಅವಳು ಸೀಟಿನಿಂದ ಎದ್ದು ನಿಂತು ತುಳಿದಳು. ತೊಡೆ ಉರಿಯಿತು. ಬಾಯಿಯಲ್ಲಿ ಕಬ್ಬಿಣದ ರುಚಿ. ಒಂದು ತಿರುವು ದಾಟುವಷ್ಟರಲ್ಲಿ ಡಾಕ್ಟರ ಬೆನ್ನು ಸಿಕ್ಕಿತು. ಡಾಕ್ಟರು ಅವಸರದ ಮನುಷ್ಯರಲ್ಲ. ಕಾಲೇಜಿನಲ್ಲಿ ರೇಸ್ ಗೆದ್ದವರು, ಈಗ ಅರ್ಧ ಶಕ್ತಿ ಜೇಬಿನಲ್ಲಿಟ್ಟುಕೊಂಡೇ ಹತ್ತುತ್ತಾರೆ.

"ಏನಮ್ಮಾ ಸ್ಪ್ಯಾನರಕ್ಕಾ, ಬೆನ್ನಿಗೆ ನಾಯಿ ಬಿದ್ದಿದ್ಯಾ?"

"ಇವನನ್ನ... ಹಿಡೀಬೇಕು..."

"ಹಿಡಿದು ಏನ್ ಮಾಡ್ತೀಯಾ? ಬಿಡು, ಬಂಕಲ್ಲಿ ಸಿಗ್ತಾನೆ."

"ನನ್ನ... ನನ್ನ ಬಾಟ್ಲಿ ಅವನ ಹತ್ರ ಇದೆ."

ಡಾಕ್ಟರು ಅವಳ ಮುಖ ನೋಡಿದರು. "ಬೇಕಾದ್ರೆ ನಾನ್ ಹೋಗಿ ನಿಲ್ಲಿಸ್ತೀನಿ. ಎರಡು ನಿಮಿಷದ ಕೆಲಸ."

ಹೂಂ ಅನ್ನಬೇಕಿತ್ತು. ಒಂದೇ ಒಂದು ಹೂಂ. ಆದರೆ ಯಾಕೆ ಅಂತ ಕೇಳುತ್ತಾರೆ. ಸ್ಪ್ಯಾನರಕ್ಕ ಬ್ರೇಕು ಮುಚ್ಚಲು ಮರೆತಳಂತೆ ಎಂಬ ಮಾತು ಗುಂಪಿಗೆ ಹೋಗುತ್ತದೆ. ಮುಂದಿನ ಭಾನುವಾರ ಉಳಿದ ಹದಿನಾಲ್ಕು ಜನರೂ ತಮ್ಮ ತಮ್ಮ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪರೀಕ್ಷೆ ಮಾಡುತ್ತಿರುತ್ತಾರೆ. ಇಷ್ಟೆಲ್ಲ ಅವಳ ತಲೆಯಲ್ಲಿ ಓಡಿದ್ದು ಅರೆಕ್ಷಣದಲ್ಲಿ.

"ಬೇಡ ಬೇಡ," ಅಂದಳು. "ನಾನೇ ಹೋಗ್ತೀನಿ."

ಡಾಕ್ಟರನ್ನು ದಾಟಿ ಹತ್ತು ಮಾರು ಹೋಗಿರಲಿಲ್ಲ, ಹಿಂದಕ್ಕೆ ನೋಡಿದಳು. ತಿರುಗಿ ಕೂಗಲೇ? ಈಗ ಕೂಗಿದರೆ ಮೊದಲು ಸುಳ್ಳು ಹೇಳಿದ್ದೂ ಹೇಳಬೇಕು. ಹೋಗಲಿ, ಹಿಡಿದುಬಿಡುತ್ತೇನೆ, ಹಿಡಿದೇ ಹಿಡಿಯುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ತುಳಿದಳು. ರಸ್ತೆಬದಿಯ ಕಲ್ಲಿನಲ್ಲಿ ಎರಡು ಅಂತ ಬರೆದಿತ್ತು. ಆಮೇಲೆ ಒಂದು. ಮಂಜು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಕೆಂಪು ಚುಕ್ಕಿ ದೊಡ್ಡದಾಯಿತು, ಬೆನ್ನಾಯಿತು, ಅಂಗಿಯ ಹಿಂದಿನ ಜೇಬುಗಳೂ ಕಂಡವು. ಅವನಾಚೆ ಆಕಾಶ ಮಾತ್ರ. ಗುಡ್ಡದ ತುದಿ.

"ಲೋ! ನಿಲ್ಲೋ! ಬ್ರೇಕ್ ನೋಡ್ಕೋ!"

ಅವನು ತಿರುಗಿ ನೋಡಿ ಗಹಗಹಿಸಿ ನಕ್ಕ. ನಗದೇ ಏನು ಮಾಡಿಯಾನು? ಹೋದ ತಿಂಗಳು ಇದೇ ಅಕ್ಕ ಟೈರ್ ಪಂಕ್ಚರ್ ಅಂತ ಕೂಗಿ ಅವನನ್ನು ಇಳಿಸಿ, ಪಕ್ಕದಲ್ಲೇ ಹಾದು ಮೊದಲು ತುದಿ ಮುಟ್ಟಿದ್ದಳು. ಅದಕ್ಕೂ ಮೊದಲು ಚೈನು.

"ಟೈರಾಯ್ತು, ಚೈನಾಯ್ತು, ಈ ಸಲ ಬ್ರೇಕಾ? ಹೊಸದೇನಾದ್ರೂ ಹುಡುಕಕ್ಕಾ!"

"ದೇವ್ರಾಣೆ ಕಣೋ!"

"ಆವತ್ತೂ ದೇವ್ರಾಣೆ ಅಂದಿದ್ದೆ!"

ಅವನು ಎದ್ದು ನಿಂತು ನಾಲ್ಕು ಸಲ ಜೋರಾಗಿ ತುಳಿದ. ಮೊದಲು ಗಾಲಿ, ಆಮೇಲೆ ಸೊಂಟ, ಆಮೇಲೆ ತಲೆ ತುದಿಯಾಚೆ ಮುಳುಗಿದವು.

ಅವಳು ತುದಿ ಮುಟ್ಟಿದಾಗ ಕಣ್ಣು ಕತ್ತಲೆ ಬರುತ್ತಿತ್ತು. ನಿಲ್ಲಲಿಲ್ಲ. ಇಳಿಜಾರು ಕಂಡರೆ ಅವಳಿಗೆ ಯಾವಾಗಲೂ ಕೈ ಬೆವರುತ್ತದೆ, ಬ್ರೇಕು ಹಿಡಿದುಕೊಂಡೇ ಇಳಿಯುವವಳು. ಈಗ ಎರಡೂ ಕೈ ಬ್ರೇಕಿನಿಂದ ತೆಗೆದಳು. ಗಾಳಿ ಕಿವಿಯಲ್ಲಿ ಹರಿದ ಬಟ್ಟೆಯಂತೆ ಪಟಪಟ ಬಡಿಯಿತು. ಕಣ್ಣಲ್ಲಿ ನೀರು. ಮುಂದೆ ತಮ್ಮ ಹ್ಯಾಂಡಲ್‌ನಿಂದ ಎರಡೂ ಕೈ ಬಿಟ್ಟು, ನೆಟ್ಟಗೆ ಕೂತು, ಗಾಳಿಗೆ ಹಾರುವ ಜಾಕೆಟ್ಟಿನ ಜಿಪ್ಪು ಎಳೆದುಕೊಳ್ಳುತ್ತಿದ್ದ! ಸೀಟಿ ಬೇರೆ ಹೊಡೆಯುತ್ತಿದ್ದ. ನೆಟ್ಟಗೆ ಕೂತವನಿಗೆ ಗಾಳಿ ಅಡ್ಡಿ, ಅಷ್ಟೇ ಅವಳ ಪುಣ್ಯ. ಅಂತರ ಇಪ್ಪತ್ತು ಮಾರಾಯಿತು, ಹತ್ತಾಯಿತು. ಮೊದಲ ತಿರುವು ಅಗಲವಿತ್ತು, ಅವನು ಬ್ರೇಕು ಮುಟ್ಟದೆ ಬಾಗಿ ಹೋದ. ಎರಡನೆಯದು ಅಗಲವಿಲ್ಲ. ಅದು ಸೂಜಿ ಬಗ್ಗಿಸಿದಂಥ ತಿರುವು. ಅದರ ಗೋಡೆ ಕಾಣುತ್ತಿತ್ತು, ಅದರ ಹಿಂದೆ ಬೆಳ್ಳಗೆ ಮಂಜು.

ನಿಲ್ಲು ಅಂದರೆ ನಗುತ್ತಾನೆ. ಆಣೆ ಇಟ್ಟರೂ ನಗುತ್ತಾನೆ. ಅವಳ ಗಂಟಲಲ್ಲಿ ಉಳಿದಿದ್ದು ಒಂದೇ ಮಾತು.

"ತಪ್ಪು ನಂದು ಕಣೋ! ನಿನ್ನ ಮುಂದಿನ ಬ್ರೇಕ್ ನಾನು ಮುಚ್ಚಿಲ್ಲ! ಮರೆತೆ! ನಾನೇ ಮರೆತೆ, ನಂದೇ ತಪ್ಪು!"

ಸೀಟಿ ನಿಂತಿತು.

ತಪ್ಪು ನಂದು. ಈ ಮಾತನ್ನು ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳ ಬಾಯಲ್ಲಿ ಕೇಳಿರಲಿಲ್ಲ. ಇಸ್ತ್ರಿಪೆಟ್ಟಿಗೆಯಿಂದ ಅಪ್ಪನ ಅಂಗಿ ಸುಟ್ಟಾಗಲೂ ಅವಳು ತಪ್ಪನ್ನು ಪೆಟ್ಟಿಗೆಯ ತಲೆಗೆ ಕಟ್ಟಿದವಳು. ಅವನು ತಿರುಗಿ ಅವಳ ಮುಖ ನೋಡಿದ. ನಗು ಅರ್ಧದಲ್ಲೇ ಉಳಿಯಿತು. ಎರಡೂ ಕೈ ಹ್ಯಾಂಡಲ್‌ಗೆ ಬಿದ್ದವು. ಮುಂದಿನ ಬ್ರೇಕು ಒತ್ತಿದ. ಹತ್ತಿ ಹಿಂಡಿದಂತೆ ಹ್ಯಾಂಡಲ್‌ವರೆಗೂ ಹೋಯಿತು.

"ಅಕ್ಕಾ!"

ಆ ಕೂಗು ಅವಳಿಗೆ ಗೊತ್ತಿತ್ತು. ಅವನಿಗೆ ನಾಲ್ಕು ವರ್ಷವಿದ್ದಾಗ ಲಿಫ್ಟಿನೊಳಗೆ ಒಬ್ಬನೇ ಸಿಕ್ಕಿಹಾಕಿಕೊಂಡಾಗ ಹೀಗೇ ಕೂಗಿದ್ದ.

"ಹಿಂದಿನದು! ಹಿಂದಿನದು ಹಿಡಿ! ಒಂದೇ ಸಲ ಬೇಡ, ಹಿಡಿ, ಬಿಡು, ಹಿಡಿ! ಸೊಂಟ ಹಿಂದಕ್ಕೆ ತಗೋ!"

ಅವನು ಒಂದೇ ಸಲ ಹಿಡಿದ. ಹಿಂದಿನ ಗಾಲಿ ಕೀರಲು ದನಿಯಲ್ಲಿ ಚೀರಿ ಅಡ್ಡ ಹೊರಳಿತು. "ಬಿಡು ಅಂದ್ನಲ್ಲಾ!" ಬಿಟ್ಟ. ನೆಟ್ಟಗಾಯಿತು. ಹಿಡಿದ, ಬಿಟ್ಟ, ಹಿಡಿದ. ಗೋಡೆ ಹತ್ತಿರ ಬಂತು. ಅವನು ತಿರುವಿಗೆ ಬಾಗಲಾರದೆ ಎದುರು ಬದಿಗೆ ಸರಿಯುತ್ತಾ ಹೋದ. ಅಲ್ಲಿ ಕೆಳಗಿನಿಂದ ಏನಾದರೂ ಬಂದರೆ ಮುಗಿಯಿತು. ಅವಳಿಗೆ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಅವನು ಪೆಡಲಿನಿಂದ ಒಂದು ಕಾಲು ಕಿತ್ತು ನೆಲಕ್ಕೆ ಊರಿದ, ಬೂಟು ಟಾರಿನ ಮೇಲೆ ಕರಕರ ಉಜ್ಜುತ್ತಾ ಹೋಯಿತು.

ಮುಂದಿನ ಗಾಲಿ ಗೋಡೆಗೆ ಟಕ್ ಅಂತ ತಾಗಿ ನಿಂತಿತು. ಅವನು ಗೋಡೆಯ ಮೇಲೆ ಎದೆಯೂರಿ, ಆಚೆ ಬಗ್ಗಿ, ಹಾಗೇ ಉಳಿದ.

ಅವಳು ಸೈಕಲ್ಲನ್ನು ರಸ್ತೆಯಲ್ಲೇ ಬಿಸಾಕಿ ಓಡಿದಳು. ಅವನ ಜಾಕೆಟ್ಟಿನ ಬೆನ್ನು ಹಿಡಿದು ಈಚೆ ಎಳೆದಳು. ಇಬ್ಬರೂ ಧೊಪ್ಪನೆ ಕೂತರು. ಕೆಳಗೆ ಎಲ್ಲೋ ಲಾರಿಯೊಂದು ಏರು ಹತ್ತುತ್ತಾ ಗೊರಗುಟ್ಟುತ್ತಿತ್ತು. ಅದು ತಿರುವಿಗೆ ಬಂದು, ಹಾರ್ನ್ ಹೊಡೆದು, ಬಿದ್ದಿದ್ದ ಸೈಕಲ್ಲನ್ನು ಬಳಸಿಕೊಂಡು ಅವರ ಪಕ್ಕದಲ್ಲೇ ಹಾದು ಹೋಯಿತು.

ಲಿವರ್ ಮೇಲೆದ್ದೇ ಇತ್ತು. ಇಬ್ಬರೂ ನೋಡಿದರು. ಅವಳು ಕೈ ಚಾಚಿ ಅದನ್ನು ಕೆಳಗೊತ್ತಿದಳು. ಚಿಟಕ್.

ಡಾಕ್ಟರು ಇಳಿದು ಬಂದು ನಿಂತರು. "ಏನಿದು, ನಡುರಸ್ತೇಲಿ ಸೈಕಲ್ಲು?"

ತಮ್ಮ ಬೆವರು ಒರೆಸಿಕೊಂಡ. "ಏನಿಲ್ಲ ಡಾಕ್ಟ್ರೇ. ನೋಟ ಚೆನ್ನಾಗಿತ್ತು, ನೋಡ್ತಾ ಕೂತ್ವಿ."

"ಸುಳ್ಳು," ಅಂದಳು ಅವಳು. "ಇವನ ಬ್ರೇಕ್ ಮುಚ್ಚೋದು ಮರೆತಿದ್ದೆ. ಬಾಟ್ಲಿ ಗೀಟ್ಲಿ ಏನೂ ಇರ್ಲಿಲ್ಲ. ನಿಮ್ಮ ಹತ್ರ ಹೇಳೋಕೆ ನಾಚ್ಕೆ ಆಯ್ತು. ನಿಮ್ಮನ್ನ ಕಳಿಸಿದ್ದಿದ್ರೆ ಇವನು ಮೇಲೇ ನಿಂತಿರ್ತಿದ್ದ."

ಡಾಕ್ಟರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಬೂಟಿನ ಗೆರೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಗ್ಗಿ ತಮ್ಮನ ಬ್ರೇಕು ಒತ್ತಿ ನೋಡಿದರು. ಆಮೇಲೆ ತಮ್ಮದನ್ನೂ ಒತ್ತಿ ನೋಡಿದರು. ಅವಳ ಎದುರೇ.

"ಮೇಷ್ಟ್ರನ್ನ ಇಲ್ಲೇ ಕಾಯ್ತೀನಿ," ಅಂದರು. "ಅವರದ್ದೂ ನೋಡ್ಬೇಕಲ್ಲ. ನೀವು ಹೊರಡಿ."

ತಮ್ಮ ತನ್ನ ಸೈಕಲ್ ಎತ್ತಿದ. ಒಂದು ಕಾಲು ಆಚೆ ಹಾಕಿದವನು ಮತ್ತೆ ಇಳಿದ.

"ಅಕ್ಕಾ, ಇನ್ನೊಂದ್ಸಲ ನೋಡು."

ನೋಡಿದಳು. "ಸರಿಯಿದೆ."

"ಇನ್ನೊಂದ್ಸಲ."

ಮತ್ತೆ ಕೂತು ನೋಡಿದಳು. ಲಿವರ್ ಒತ್ತಿದಳು, ಗಾಲಿ ತಿರುಗಿಸಿದಳು, ಬ್ರೇಕು ಹಿಡಿದು ನಿಲ್ಲಿಸಿ ತೋರಿಸಿದಳು. ಅವನು ತಲೆಯಾಡಿಸಿದ. ಆದರೆ ಹತ್ತಲಿಲ್ಲ.

"ನಡ್ಕೊಂಡು ಹೋಗೋಣ್ವಾ? ಸ್ವಲ್ಪ ದೂರ ಅಷ್ಟೇ."

ಇಳಿಜಾರು ಇನ್ನೂ ಒಂಬತ್ತು ಕಿಲೋಮೀಟರಿತ್ತು. ಅವಳು ಹೂಂ ಅಂದಳು. ಇಬ್ಬರೂ ಬಂಡೆಯ ಬದಿ ಹಿಡಿದು ನಡೆದರು. ಅವಳು ರಸ್ತೆಯ ಕಡೆ, ಅವನು ಒಳಗಡೆ. ನಡೆಯುತ್ತಿದ್ದರೂ ಅವನು ಎರಡೂ ಬ್ರೇಕುಗಳನ್ನು ಬಿಗಿಯಾಗಿ ಹಿಡಿದೇ ಇದ್ದ. ಗಾಲಿಗಳು ತಿರುಗದೆ ಟಾರಿನ ಮೇಲೆ ಎಳೆದುಕೊಂಡು ಬರುತ್ತಿದ್ದವು. ಬಿಡೋ ಅಂತ ಅವಳು ಹೇಳಲಿಲ್ಲ.