ನಮ್ಮ ಏಳು ಗಂಟೆ

ಏಣಿಯ ತುದಿ ಕಾಣಿಸುತ್ತಿದೆ, ಎಲೆಗಳ ಮೇಲೆ ಒಂದು ಗೇಣಷ್ಟು, ಅದು ಅಲುಗುತ್ತಿದೆ, ಅಂದರೆ ನನ್ನ ಯಜಮಾನರು ಮರದ ಮೇಲಿದ್ದಾರೆ, ಅಂದರೆ ಚೆನ್ನಾಗಿದ್ದಾರೆ — ಬೇಲಿಯ ತಂತಿಯ ಸಂದಿಯಿಂದ ನನ್ನ ಮುದಿ ಕಣ್ಣಿಗೆ ಕಾಣುವುದು ಅಷ್ಟೇ, ಆಲಿವ್ ಮರದ ಬೂದು ಹಸಿರು, ಅದರಾಚೆ ಆ ಗೇಣು ಕಟ್ಟಿಗೆ, ಮೇಲೆ ಗುಡ್ಡದ ನೆತ್ತಿಯಲ್ಲಿ ನಮ್ಮ ನೆಲಕ್ಕೆ ಬಂದು ಕೂತ ಹೊಸಬರ ಬಿಳಿ ಮನೆಗಳು, ಇಲ್ಲಿ ನನ್ನ ಎದೆಗವುಚಿಕೊಂಡ ಬಟ್ಟೆಯ ಗಂಟಿನಲ್ಲಿ ರೊಟ್ಟಿ ಇನ್ನೂ ಬಿಸಿ, ಈ ರೊಟ್ಟಿಗೋಸ್ಕರ, ಯಾ ರಬ್, ದೇವರೇ, ಈ ರೊಟ್ಟಿಗೋಸ್ಕರ ತಾನೇ ನಾನು ಏಳು ಎಂದದ್ದು, ನಮ್ಮ ಏಳು. ಬೇಲಿಯ ಗೇಟಿಗೆ ಸೈನಿಕರ ಬೀಗ ಬಿದ್ದಿದೆ. ಇನ್ನು ತೆಗೆಯುವುದು ಸಂಜೆಗೆ. ಪಕ್ಕದಲ್ಲಿ ಮಾರಿತ್ ಫೋನು ಕಿವಿಗಿಟ್ಟುಕೊಂಡು ಯಾರಿಗೋ ತನ್ನ ಭಾಷೆಯಲ್ಲಿ ಹೇಳುತ್ತಿದ್ದಾಳೆ, ಕಂದು ಅಂಗಿ, ಬೆನ್ನ ಮೇಲೆ ಸಾಕ್ಷಿ ಎಂಬ ಬರಹ, ತಣ್ಣನೆಯ ದೇಶದವಳು, ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವಳು, ನಮ್ಮೂರಿಗೆ ಬಂದು ಇನ್ನೂ ನಾಲ್ಕು ದಿನ. ನಮ್ಮ ಜೊತೆ ನಿಂತು ನೋಡಲೆಂದು ಹೊರದೇಶದ ಸಂಘದವರು ಮೂರು ತಿಂಗಳಿಗೊಬ್ಬರನ್ನು ಕಳಿಸುತ್ತಾರೆ, ಭಾಷೆ ನಾಲಿಗೆಗೆ ಹತ್ತುವಷ್ಟರಲ್ಲಿ ಗಂಟುಮೂಟೆ ಕಟ್ಟುತ್ತಾರೆ, ಮುಂದೆ ಬಂದವರಿಗೆ ಮತ್ತೆ ಮೊದಲಿನಿಂದ, ಇದು ಗೇಟು, ಇದು ಬಾವಿ, ಈ ಕಲ್ಲಿನ ಗೋಡೆಯಾಚೆ ಹೋಗಬೇಡ. ಬಂದ ದಿನವೇ ತನ್ನ ಹರಕುಮುರುಕು ಮಾತಿನಲ್ಲಿ ಹೇಳಿದಳು, ನನ್ನ ಹತ್ತಿರ ಅಧಿಕಾರ ಏನೂ ಇಲ್ಲ ಉಮ್ಮ್ ಸಾಬಿರ್, ಎರಡು ಕಣ್ಣಿದೆ ಅಷ್ಟೆ. ಮಗ ಸಾಬಿರನ ಹೆಸರಿಂದ ಊರೆಲ್ಲ ಕರೆಯುವುದು ಹೀಗೇ, ನಾನು ಉಮ್ಮ್, ನನ್ನ ಯಜಮಾನರು ಅಬೂ. ಅಬೂ ಸಾಬಿರ್ ನಕ್ಕುಬಿಟ್ಟರು, ಸಾಕಮ್ಮ, ಇಲ್ಲಿ ಎಲ್ಲರ ಹತ್ತಿರವೂ ಬಂದೂಕಿದೆ, ಕಣ್ಣಿಗೇ ಬರಗಾಲ.

ಹೋದ ವರ್ಷ ಇದ್ದವನು ಉದ್ದನೆಯ ಮುದುಕ, ಅವನು ಎಲ್ಲವನ್ನೂ ಎರಡೆರಡು ಸಲ ಕೇಳುತ್ತಿದ್ದ, ನಿಮ್ಮ ಗಂಟೆಯಾ ಸೈನಿಕರ ಗಂಟೆಯಾ, ನಮಗೆ ನಗು. ಗುಡ್ಡದ ಬಿಳಿ ಮನೆಗಳ ಹುಡುಗರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಇಳಿದು ಬಂದಾಗ ಅವನು ಏನೂ ಮಾಡಲಿಲ್ಲ, ಕಲ್ಲಿನ ಗೋಡೆಯ ಮೇಲೆ ಹತ್ತಿ ನಿಂತ, ಕೊರಳಲ್ಲಿ ಕ್ಯಾಮೆರಾ, ಕೈ ಎರಡೂ ಕೆಳಗೆ, ಅವರು ನೋಡಿದರು, ಅವನು ನೋಡಿದ, ಅವರು ತಿರುಗಿ ಹೋದರು. ಅಷ್ಟೇ. ಒಂದು ಜೊತೆ ಕಣ್ಣು. ಅದರ ಹಿಂದಿನ ವರ್ಷ ಆ ಕಣ್ಣೂ ಇರಲಿಲ್ಲ, ಅಬೂ ಸಾಬಿರ್ ಅವರ ತಲೆಗೆ ಹನ್ನೆರಡು ಹೊಲಿಗೆ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಮೊದಲು ಕೇಳಿದ್ದು, ಕಾಯಿ ಮೂಟೆ ಏನಾಯ್ತೇ. ಏಣಿ ಅಲುಗುತ್ತಿದೆ. ಬಿಸ್ಮಿಲ್ಲಾ, ಅಲುಗುತ್ತಿದೆ.

ಮೂರು ವಾರದ ಹಿಂದೆ ನಮ್ಮ ಕಡೆಯ ಗಡಿಯಾರವನ್ನು ಚಳಿಗಾಲಕ್ಕೆಂದು ಒಂದು ಗಂಟೆ ಹಿಂದಿಟ್ಟರು, ಅವರದು ಇನ್ನೂ ಬೇಸಿಗೆಯಲ್ಲೇ ನಿಂತಿದೆ, ಒಂದೇ ಸೂರ್ಯ, ಒಂದೇ ಗುಡ್ಡ, ಬೇಲಿಯ ಈ ಕಡೆ ಆರು, ಆ ಕಡೆ ಏಳು. ಎಷ್ಟು ದೇಶದ ದೊಡ್ಡವರು ಬಂದರು ಶಾಂತಿ ಮಾಡಿಸೋಕೆ, ಒಬ್ಬನಾದ್ರೂ ಈ ಎರಡು ಗಡಿಯಾರ ಕೂಡಿಸಿದನಾ, ಅನ್ನುತ್ತಿದ್ದರು ಅಬೂ ಸಾಬಿರ್, ಚಹಾದ ಲೋಟ ಹಿಡಿದು. ಊರ ಬಾಯಲ್ಲಿ ಯಾವುದೋ ದೇಶದವರು ಹಾಕಿಸಿದ ಹಲಗೆ ಇದೆ, ಎರಡು ಕೈ ಕುಲುಕುವ ಚಿತ್ರ, ಬಿಸಿಲಿಗೆ ಒಂದು ಕೈ ಬಣ್ಣ ಹೋಗಿ ಈಗ ಇನ್ನೊಂದು ಕೈ ಬರಿಗಾಳಿಯನ್ನು ಕುಲುಕುತ್ತಿದೆ. ನಿನ್ನೆ ಮಧ್ಯಾಹ್ನ ಮಾರಿತ್ ಅಂಗಳಕ್ಕೆ ಬಂದಳು, ಕೈಯಲ್ಲಿ ಪುಸ್ತಕ, ಗೇಟು ಏಳಕ್ಕೆ ತೆಗೆಯುತ್ತಾರಂತೆ, ಯಾವ ಏಳು ಉಮ್ಮ್ ಸಾಬಿರ್. ಕೇಳಿದಳು. ಕೇಳಿಯೇ ಕೇಳಿದಳು, ಅವಳ ಮೇಲೆ ತಪ್ಪು ಹೊರಿಸಲಾರೆ. ನೆರೆಯ ಹೆಂಗಸರು ಕೂತಿದ್ದರು, ಕಾಯಿ ಆರಿಸುತ್ತಾ, ನನಗೆ ಎಲ್ಲಿಂದ ಬಂತೋ ಆ ಸೊಕ್ಕು, ಸೈನಿಕರ ಗಡಿಯಾರ ಸೈನಿಕರ ಕೈಯಲ್ಲಿರಲಿ ತಂಗಿ, ಈ ಮನೇಲಿ ಬಾಂಗಿನ ಗಂಟೆ ನಡೆಯೋದು, ಏಳು ಅಂದ್ರೆ ನಮ್ಮ ಏಳು, ಬಾ, ರೊಟ್ಟಿ ಬಿಸಿಯಾಗಿರತ್ತೆ. ಹೆಂಗಸರು ನಕ್ಕರು, ಭಲೇ ಹಜ್ಜಾ ಅಂದರು, ಹಿರಿಯಳಿಗೆ ಕೊಡುವ ಮರ್ಯಾದೆಯ ಮಾತು, ನಾನೂ ಒಂದು ಗೇಣು ಎತ್ತರವಾದೆ. ಅವಳು ಬರೆದುಕೊಂಡಳು. ಪೆನ್ನು ಕಾಗದದ ಮೇಲೆ ಓಡಿದ ಸದ್ದು ಈಗ ಕೇಳುತ್ತಿದೆ, ನಿನ್ನೆ ಕೇಳಿಸಲಿಲ್ಲ.

ಅಬೂ ಸಾಬಿರ್ ಮಾತ್ರ ಬೆಳಗಿನ ನಮಾಜು ಮುಗಿಸಿ ಕತ್ತೆಯ ಮೇಲೆ ಏಣಿ ಹೇರಿಕೊಂಡು ಹೊರಟವರು, ಯಾವತ್ತೂ ಹೊತ್ತಿಗೆ ಮುಂಚೆಯೇ, ಮದುವೆಗೂ ದಿಬ್ಬಣದ ಮುಂಚೆ ಬಂದು ಬಾಗಿಲಲ್ಲಿ ನಿಂತಿದ್ದವರು. ನಾನು ಒಲೆಯ ಮುಂದೆ, ಬಿಸಿ ಕಲ್ಲಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು, ಅವರ ಫೋನು ಬಂತು. ಗೇಟು ತೆಗೆದ್ರು ಹಜ್ಜಾ, ಎಲ್ಲಿದ್ದೀರಿ ಇಬ್ಬರೂ. ಇನ್ನೂ ಆರಲ್ವಾ ಅಂದೆ. ಅವರ ಏಳು ಕಣೇ ಇದು, ಹದಿನೈದು ನಿಮಿಷಕ್ಕೆ ಮುಚ್ಚುತ್ತಾರೆ. ಒಬ್ಬರೇ ಹೋಗಬೇಡಿ ಅಂದೆ, ನಿಮ್ಮ ತಾಯಾಣೆ, ಮಾರಿತ್ ಬರಲಿ, ನಿಲ್ಲಿ. ಅವರು ನಕ್ಕರು, ಆ ನಗು ಫೋನಿನಲ್ಲಿ ಕೆಮ್ಮಿನ ಹಾಗೆ ಕೇಳುತ್ತದೆ, ವರ್ಷಕ್ಕೆ ಎರಡು ದಿನ ಕೊಡ್ತಾರೆ ನನ್ನ ಮರಕ್ಕೆ ನಾನು ಹೋಗೋಕೆ, ಅದರಲ್ಲೊಂದನ್ನ ನಿನ್ನ ರೊಟ್ಟಿಗೆ ಬಿಟ್ಟುಕೊಡಲಾ, ಹೆದರಬೇಡ, ಕಾವಲಿಗೆ ಜೀಪು ಇರತ್ತೆ ಅಂದಿದ್ದಾರೆ. ಮಾರಿತ್ ನಾನು ಹೇಳಿದ ಹೊತ್ತಿಗೇ ಬಂದಳು, ನಾವಿಬ್ಬರೂ ಇಲ್ಲಿಗೆ ಬರುವಷ್ಟರಲ್ಲಿ ಜೀಪು ಬೀಗ ಹಾಕಿ ಹೋಗಿದೆ. ದೂಳು ಕೂಡ ಆರಿದೆ. ಹೋಗಲಿ ಎಂದು ನಾನು ಆಗಲೇ ಓಡಿ ಬಂದಿದ್ದರೆ, ಬರಿಗೈಯಲ್ಲಿ, ಆದರೆ ಅತಿಥಿ ಬರುತ್ತಾಳೆ, ರೊಟ್ಟಿ ಸೀಯುತ್ತದೆ ಅಂದುಕೊಂಡೆ, ಹೌದು, ಅದನ್ನೇ ಅಂದುಕೊಂಡೆ, ಕೊನೆಯ ದಿನ ದೇವರು ಕೇಳಿದರೆ ಇದನ್ನೇ ಹೇಳಬೇಕು, ರೊಟ್ಟಿ ಸೀಯುತ್ತದೆ ಅಂದುಕೊಂಡೆ ಸ್ವಾಮಿ.

ಆ ಮರದ ಹೊಟ್ಟೆ ಟೊಳ್ಳು, ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು, ಊರಿನವರು ಎಲ್ಲಿ ಸತ್ತು ಬಿದ್ದರೂ ಈ ಮರಕ್ಕೆ ಗೊತ್ತಾಗುತ್ತೆ ಮಗಳೇ, ಹೊರಗೆ ಒಂದೆಲೆ ಉದುರಿಸಲ್ಲ, ಒಳಗೊಳಗೇ ಒಂದು ಬೊಗಸೆ ತಿರುಳು ಕರಗುತ್ತೆ, ಅಳೋದು ಹಾಗಿರಬೇಕು. ಎಷ್ಟು ಬೊಗಸೆ ಕರಗಿ ಅಷ್ಟು ದೊಡ್ಡ ಪೊಟರೆ ಆಯಿತೋ. ಸಾಬಿರ್ ಮಗುವಾಗಿದ್ದಾಗ ಅದರೊಳಗೆ ಮಲಗಿಸಿ ಕಾಯಿ ಬಡಿಯುತ್ತಿದ್ದೆವು, ಬಡಿಗೆಯ ಸದ್ದಿಗೆ ನಿದ್ದೆ ಹೋಗುತ್ತಿದ್ದ — ಬಡಿಗೆಯ ಸದ್ದು, ಈಗ ತಾನೇ ಕೇಳುತ್ತಿತ್ತಲ್ಲ, ನಿಂತಿತೇ, ಕೊಂಬೆ ಬದಲಿಸುತ್ತಿರಬೇಕು, ಏಣಿ ಅಲುಗಿತು, ಸ್ವಲ್ಪ. ಮೇಲಿನ ರಸ್ತೆಯಲ್ಲಿ ಬಿಳಿ ಗಾಡಿ. ಇಷ್ಟು ಹೊತ್ತು ಇರಲಿಲ್ಲ. ಬಾಗಿಲು ತೆರೆದು ಮುಚ್ಚಿದ ಸದ್ದು ಗಾಳಿಯಲ್ಲಿ ತಡವಾಗಿ ಬರುತ್ತದೆ, ಒಂದು, ಎರಡು, ಮೂರು. ಮಾರಿತ್, ನೋಡು ತಂಗಿ, ನಿನ್ನ ಕಣ್ಣು ಚೆನ್ನಾಗಿದೆ, ಎಷ್ಟು ಜನ. ನಾಲ್ಕು, ಅನ್ನುತ್ತಾಳೆ, ಮುಖ ಕಾಣಲ್ಲ, ಬಟ್ಟೆ. ಅವಳು ಬೀಗವನ್ನು ಹಿಡಿದು ಅಲ್ಲಾಡಿಸುತ್ತಿದ್ದಾಳೆ, ಶಾಲೆಯ ಮೇಡಂ, ಬಿಳಿ ಕೂದಲಿನವಳು, ತಂತಿಯ ಆಚೆಗೆ ಕೂಗುತ್ತಿದ್ದಾಳೆ, ನಾನು ಇಲ್ಲಿದ್ದೀನಿ, ನೋಡ್ತಾ ಇದ್ದೀನಿ, ಅಷ್ಟು ದೂರಕ್ಕೆ ಅದು ಹಕ್ಕಿಯ ಕೂಗಿನಷ್ಟೂ ಮುಟ್ಟಲಾರದು. ಕಲ್ಲಿನ ಗೋಡೆಯ ಹಿಂದೆ ಇಳಿದರು. ಇನ್ನು ಕಾಣುವುದಿಲ್ಲ. ಫೋನು ಮಾಡುತ್ತಿದ್ದೇನೆ, ಹೋಗುತ್ತಿದೆ, ಎತ್ತುತ್ತಿಲ್ಲ, ಮರದ ಮೇಲಿದ್ದಾಗ ಎಂದೂ ಎತ್ತುವವರಲ್ಲ, ಫೋನು ಕತ್ತೆಯ ಚೀಲದಲ್ಲಿರುತ್ತದೆ, ಹೌದು, ಚೀಲದಲ್ಲಿ. ಕತ್ತೆ ಒಮ್ಮೆ ಅರಚಿತು. ಅರ್ಧಕ್ಕೆ ನಿಲ್ಲಿಸಿತು. ದೇವರು ಸಾಕು ನಮಗೆ, ಅವನೇ ಒಳ್ಳೆಯ ಕಾವಲುಗಾರ, ದೇವರು ಸಾಕು ನಮಗೆ, ಗಂಟಿನೊಳಗೆ ರೊಟ್ಟಿ ತಣ್ಣಗಾಗುತ್ತಿದೆ, ಬೆರಳಿಗೆ ಗೊತ್ತಾಗುತ್ತಿದೆ, ಅವನೇ ಒಳ್ಳೆಯ ಕಾವಲುಗಾರ. ಮಾರಿತ್ ಪುಸ್ತಕ ತೆಗೆದಿದ್ದಾಳೆ, ಸಮಯ ಬರೀಬೇಕು ಉಮ್ಮ್ ಸಾಬಿರ್, ಯಾವುದು ಬರೀಲಿ, ನಿಮ್ಮದಾ ಅವರದಾ. ನನ್ನ ಕಣ್ಣು ತಂತಿಯ ಸಂದಿಯಲ್ಲಿ, ಬೂದು ಹಸಿರು, ಅದರ ಮೇಲೆ ಒಂದು ಗೇಣು ಕಟ್ಟಿಗೆ, ಗಾಳಿಯಿದೆ, ಎಲೆಗಳೆಲ್ಲ ಅಲುಗುತ್ತಿವೆ, ಎಲೆಗಳು, ಬರೀ ಎಲೆಗಳು, ಏಣಿ ಅಲುಗುತ್ತಿಲ್ಲ, ಏಣಿ, ಏಣಿ ಅಲುಗುತ್ತಿಲ್ಲ