ಮೂರು ಸಲ ತಪ್ಪಿದ ಅಳತೆ

ನನ್ನ ಕಾದಂಬರಿಯ ಆರನೆಯ ಅಧ್ಯಾಯದಲ್ಲಿ ಅಳತೆಗಾರ ಕೆಂಚಪ್ಪ ಎದುರು ಕಂಪನಿಯವರಿಂದ ಲಂಚ ಪಡೆದು ಕೊಳಗದ ಲೆಕ್ಕ ತಪ್ಪುತ್ತಾನೆ. ಎರಡು ಕಡಲೆಕಾಯಿ ಕಂಪನಿಗಳ ನಡುವೆ ಬೂದಿ ಮುಚ್ಚಿದ್ದ ಹಗೆ ಹೊತ್ತಿಕೊಳ್ಳುವುದು ಅಲ್ಲಿಂದಲೇ. ಮೂವತ್ತೆಂಟು ವರ್ಷಗಳಲ್ಲಿ ಆ ಪುಸ್ತಕ ನಾಲ್ಕು ಮುದ್ರಣಗಳನ್ನು ಕಂಡಿತು. ನಾನು ಅದರ ಒಂದು ಅಲ್ಪವಿರಾಮವನ್ನೂ ಬದಲಿಸಲಿಲ್ಲ. ತಿದ್ದುವಂಥದ್ದು ಅದರಲ್ಲಿ ಏನೂ ಇಲ್ಲವೆಂದೇ ನಂಬಿದ್ದೆ.

ಕಳೆದ ವರ್ಷ ಟಿ.ವಿ.ಯವರು ಅದನ್ನು ಎಂಟು ಕಂತುಗಳ ಕಿರುಧಾರಾವಾಹಿ ಮಾಡಲು ಬಂದರು. ಕಥೆ ನಡೆಯುವುದು ಮಧುಗಿರಿಯ ಪೇಟೆಬೀದಿಯಲ್ಲಿ. ಈಗ ಅಲ್ಲಿ ಸಾಲಾಗಿ ಮೊಬೈಲ್ ಅಂಗಡಿಗಳಿರುವುದರಿಂದ, ಶಿರಾದ ಹಳೆಯ ಓಣಿಯೊಂದರಲ್ಲಿ ಎರಡು ಮಂಡಿಗಳನ್ನು ಎದುರುಬದುರಾಗಿ ನಿಲ್ಲಿಸಿದರು. ನಿರ್ದೇಶಕಿ ಲೋಹಿತಾ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಕೊಳಗ ಹಿಡಿದು ಅಳೆಯಬಲ್ಲ ಒಬ್ಬರನ್ನು ಹುಡುಕಿಕೊಡಿ ಎಂದು ನನ್ನನ್ನು ಕೇಳಿದಳು. ನನಗೆ ನೆನಪಾದವನು ಕೊರಟಗೆರೆಯ ಮಹಾಲಿಂಗಯ್ಯ. ನಾನು ಹೊಸದಾಗಿ ಉಪಾಧ್ಯಾಯನಾಗಿ ಮಧುಗಿರಿಗೆ ಬಂದಾಗ ಪೇಟೆಬೀದಿಯ ಒಂದು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಕಂಪನಿಯ ಅಳತೆಗಾರ ಆತನೇ. ಸಂಜೆಯ ಹೊತ್ತು ಆತ ಕೊಳಗ ಎಣಿಸುವ ದನಿ ಬೀದಿಯ ಆ ತುದಿಯವರೆಗೂ ಹೋಗುತ್ತಿತ್ತು.

ಮೊದಲ ದಿನವೇ ಕೆಂಚಪ್ಪನ ಪಾತ್ರದ ನಟನಿಗೆ ಪಾಠವಾಯಿತು. ನಟ ಕೊಳಗ ತುಂಬಿ ಚೀಲಕ್ಕೆ ಸುರಿದು, “ಒಂದು,” ಎಂದ.

“ಸುರೀರಿ ವಾಪಸ್ಸು ರಾಶಿಗೆ,” ಎಂದ ಮಹಾಲಿಂಗಯ್ಯ. “ಮೊದಲ್ನೇ ಕೊಳಗಕ್ಕೆ ಒಂದು ಅನ್ನಂಗಿಲ್ಲ ಸ್ವಾಮಿ. ಲಾಭ ಅನ್ಬೇಕು. ಲಾಭ, ಎರಡು, ಮೂರು. ಮಧ್ಯದಾಗೆ ಲೆಕ್ಕ ತಪ್ತೋ, ಎಲ್ಲಾ ಸುರ್ದು ತಿರ್ಗಾ ಲಾಭದಿಂದ.”

“ಅಜ್ಜಾ, ನಾನು ಬಿ.ಕಾಂ. ಓದಿದೀನಿ.”

“ಅದ್ಕೇ ಕಣಪ್ಪ ಒಂದು ಅಂದಿದ್ದು.”

ನಟನ ಕೈ ಪಳಗಿತು, ದನಿ ಮಾತ್ರ ಬರಲಿಲ್ಲ. ಕೊನೆಗೆ ತುಟಿ ನಟನದು, ದನಿ ಮಹಾಲಿಂಗಯ್ಯನದು ಎಂದು ಲೋಹಿತಾ ತೀರ್ಮಾನಿಸಿದಳು. ಆತ ಎರಡು ದಿನ ಮದುವೆ ಗಂಡಿನ ಹಾಗೆ ಓಡಾಡಿದ. ಮೂರನೆಯ ದಿನ, ಕೆಂಚಪ್ಪ ಹಣದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ದೃಶ್ಯದ ಚಿತ್ರೀಕರಣ ಮುಗಿದ ಮೇಲೆ, ಊಟದ ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕುಳಿತ. ಅನ್ನಕ್ಕೆ ಕೈ ಹಾಕಲಿಲ್ಲ.

“ಮೇಷ್ಟ್ರೇ, ಆ ಕೆಂಚಪ್ಪ ನಾನೇ ಅಲ್ವಾ?”

ಕಾದಂಬರಿಯ ಪಾತ್ರಗಳೆಲ್ಲ ಕಲ್ಪಿತವೆಂದು, ಮುನ್ನುಡಿಯ ವಾಕ್ಯವನ್ನೇ ಹೇಳಿದೆ.

“ಅಂಗಾರೆ ಅವತ್ತು ಮೂರ್ಸಲ ಲೆಕ್ಕ ತಪ್ಪಿದ್ದು ಯಾರು?”

ಆ ಸಂಜೆ ಮಹಡಿಯ ಮೇಲೆ ಕುಳಿತು ಮೂರು ಸಲವೂ ಕೇಳಿಸಿಕೊಂಡವನು ನಾನು. ಮರುದಿನ ಸಾಹುಕಾರರು ಆತನನ್ನು ಕೆಲಸದಿಂದ ಬಿಡಿಸಿದರು. ಎದುರು ಕಂಪನಿಯವರು ಆತನನ್ನು ಕೊಂಡುಕೊಂಡರೆಂದು ಬೀದಿಯೆಲ್ಲ ಆಡಿಕೊಂಡಿತು. ಬೀದಿ ಆಡಿದ್ದನ್ನು ನಾನು ಅಚ್ಚುಕಟ್ಟಾಗಿ ಬರೆದೆ.

“ಆ ಬೀದಿನಾಗೆ ಒಂದು ಹಟ ಇತ್ತು,” ಎಂದ ಮಹಾಲಿಂಗಯ್ಯ. “ಒಬ್ರದು ಯಾಪಾರ ನಡೀತಿರೋಗಂಟ ಇನ್ನೊಬ್ರು ಬಾಗ್ಲು ಹಾಕ್ತಿರ್ಲಿಲ್ಲ. ನಮ್ಮಲ್ಲಿ ರಾಶಿ ಇದ್ರೆ ಅವ್ರೂ ತೆಗ್ದೇ ಕುಂತಿರೋರು. ಆ ಕಡೆ ಬೀಜ ಆರ್ಸೋ ಹೆಣ್ಮಕ್ಳೂ ಏಳಂಗಿರ್ಲಿಲ್ಲ. ಓಬಳಮ್ಮ ಅಂತ ಒಬ್ಳಿದ್ಲು. ಮಾತಾಡ್ದೋನಲ್ಲ ನಾನು. ನಾನು ಲಾಭ ಅಂತ ಕೂಗೋದು, ಅವ್ಳು ತಲೆ ಎತ್ತೋದು. ಅಷ್ಟೆ.”

“ಆಮೇಲೆ?”

“ಪಾವಗಡದ ಕಡೆ ತಿರುಮಣಿಗೆ ಕೊಟ್ರು. ಅವತ್ತೇ ಕಡೇ ದಿವ್ಸ ಅವ್ಳು ಕೂಲಿಗೆ ಬಂದಿದ್ದು. ನಮ್ಮ ರಾಶಿ ಮುಗುದ್ರೆ ನಮ್ಮ ಬಾಗ್ಲು ಬೀಳ್ತಿತ್ತು. ನಮ್ದು ಬಿದ್ರೆ ಅವ್ರದೂ ಬೀಳ್ತಿತ್ತು, ಅವ್ಳು ಎದ್ದೋಗ್ತಿದ್ಲು. ಅದ್ಕೇ ತಪ್ದೆ.”

“ಬೇಕೆಂದೇ?”

“ಬೇಕಂತ್ಲೇ. ಮೂವತ್ತಕ್ಕೆ ಬಂದು ತಪ್ದೆ, ನಲವತ್ತಕ್ಕೆ ಬಂದು ತಪ್ದೆ. ಮೂರ್ನೇ ಸಲ ಸಾವ್ಕಾರ್ರು ಕೊಳಗ ಕಿತ್ಕಂಡ್ರು.” ಆತ ತಟ್ಟೆಯನ್ನು ಕೆಳಗಿಟ್ಟ. “ಕೆಲ್ಸ ಹೋಯ್ತು, ಹೋಗ್ಲಿ ಬುಡಿ. ಊರು ಕಳ್ಳ ಅಂತು, ಅದೂ ಆಯ್ತು. ಈಗ ಅವ್ಳು ಟಿ.ವಿ.ನಾಗೆ ನೋಡ್ತಾಳೆ ಮೇಷ್ಟ್ರೇ. ನನ್ನ ದನೀಲೇ ಕೇಳ್ತಾಳೆ. ದುಡ್ಡಿಗೆ ತಪ್ದ ಅಂದ್ಕಂಬುಡ್ತಾಳೆ.”

ಅಂದೇ ನಾನು ಲೋಹಿತಾಳ ಬಳಿಗೆ ಹೋಗಿ, ಬದುಕಿನಲ್ಲಿ ಮೊದಲ ಬಾರಿಗೆ, ನಾನು ಬರೆದದ್ದನ್ನು ಬದಲಾಯಿಸಬಹುದೇ ಎಂದು ಕೇಳಿದೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

“ಸರ್, ಲಂಚ ತೆಗೆದ್ರೆ ಉಳಿದ ಐದು ಕಂತು ಬಿದ್ದೋಗುತ್ತೆ. ಒಂದು ಎಳೆ ಎಳೆದ್ರೆ ಎಲ್ಲ ಬಿಚ್ಕೊಳ್ಳೋ ಹಾಗೆ ನೀವೇ ಕಟ್ಟಿದೀರ.”

ಬೇರೆ ದಿನವಾಗಿದ್ದರೆ ಆ ಹೊಗಳಿಕೆಯನ್ನು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಿದ್ದೆ.

ಉಳಿದದ್ದು ಒಂದೇ ದಾರಿ. ಆ ಕಂತು ಪ್ರಸಾರವಾಗುವ ಮೊದಲು ಓಬಳಮ್ಮನನ್ನು ಕಂಡು ನಡೆದದ್ದನ್ನು ಹೇಳಬೇಕು. ಮಹಾಲಿಂಗಯ್ಯನನ್ನೂ ಕರೆದೆ. ಆತನ ಹೆಂಡತಿ ತೀರಿಕೊಂಡು ಆರು ವರ್ಷ. ಓಬಳಮ್ಮನ ಗಂಡನೂ ಇಲ್ಲವೆಂದು ಯಾರೋ ಹೇಳಿದ್ದರು. ಆದರೂ ಆತ ಒಪ್ಪಲಿಲ್ಲ.

“ಒಂದು ಮಾತೂ ಆಡ್ದೋಳ ಮನೆ ಬಾಗ್ಲಿಗೆ ಏನಂತ ಹೋಗ್ಲಿ? ನೀವು ಹೋಗ್ಬನ್ನಿ. ನಾನು ಮಧುಗಿರಿ ಬಸ್‌ಸ್ಟ್ಯಾಂಡಿನಾಗೆ ಕುಂತಿರ್ತೀನಿ.”

ಆ ಕಂತು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ನಾನು ಅಂದು ನಸುಕಿಗೇ ಹೊರಟರೂ ಪಾವಗಡದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ತಿರುಮಣಿಯ ಸುತ್ತ, ಒಂದು ಕಾಲಕ್ಕೆ ಕಡಲೆಕಾಯಿ ಬೆಳೆಯುತ್ತಿದ್ದ ನೆಲದ ಮೇಲೆಲ್ಲ ಸೋಲಾರ್ ಹಲಗೆಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ಓಬಳಮ್ಮನ ಮನೆ ಹುಡುಕಿ ಹೊಸಿಲು ದಾಟುವಾಗಲೇ ಒಳಗಿನಿಂದ ಮಹಾಲಿಂಗಯ್ಯನ ದನಿ ಕೇಳಿಸಿತು: ಲಾಭ, ಎರಡು, ಮೂರು.

ಮೊಮ್ಮಗಳು ಅನುಷಾ ನನಗೊಂದು ಕುರ್ಚಿ ಹಾಕಿದಳು. ಮಧುಗಿರಿಯ ಮೇಷ್ಟ್ರೆಂದು ಹೇಳಿಕೊಂಡೆ. ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ ಮುದುಕಿ ತಲೆಯಾಡಿಸಿದರು, ತಿರುಗಲಿಲ್ಲ.

“ಅದಿ ಆಯಪ್ಪ ಗೊಂತೇ,” ಎಂದರು ಆ ಕಡೆಯ ತೆಲುಗಿನಲ್ಲಿ, ಟಿ.ವಿ.ಯ ಕಡೆಗೇ ನೋಡುತ್ತ. “ಮಖ ಬೇರೆ, ಗಂಟ್ಲು ಆಯಪ್ಪಂದೇ.”

ತೆರೆಯ ಮೇಲೆ ಕೆಂಚಪ್ಪ ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡ. ಲೆಕ್ಕ ತಪ್ಪಿದ. ಲಾಭದಿಂದ ತೊಡಗಿದ. ಮತ್ತೆ ತಪ್ಪಿದ.

“ಅಜ್ಜಿ, ಇವ್ನು ಲಂಚ ತಗೊಂಡಿದಾನೆ,” ಎಂದಳು ಅನುಷಾ.

“ಸುಳ್ಳು ಕಣಮ್ಮ. ದುಡ್ಡು ತಿಂದೋನು ಒಂದೇ ಸಲ ತಪ್ತಾನೆ, ತಪ್ಪಿ ಮುಂದುಕ್ಕೋಗ್ಬುಡ್ತಾನೆ. ತಿರ್ಗಾ ಸುರ್ದು ಲಾಭದಿಂದ ಎಣ್ಸುದ್ರೆ ಯಾರಿಗೇನು ಸಿಕ್ತೈತೆ? ಯಾವನು ಬರ್ದನೋ, ಅಳತೆ ಕಂಡೋನಲ್ಲ.”

ನಾಲ್ಕು ಮುದ್ರಣಗಳಲ್ಲಿ ಯಾವ ವಿಮರ್ಶಕನ ಕಣ್ಣಿಗೂ ಬೀಳದ ತಪ್ಪು ಅದು.

“ಬರೆದವನು ನಾನೇ, ಅಮ್ಮ.”

ಈಗ ಅವರು ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದರು. “ಮಾಡಿ ಮೇಲಿನ ರೂಮ್ನಾಗಿದ್ದ ಮೇಷ್ಟ್ರಾ? ಅಲ್ಲಿಂದ ಇಂಗೇ ಕಂಡಿರ್ತೈತೆ ಬುಡಿ.”

ಅನುಷಾ ಟಿ.ವಿ.ಯ ದನಿ ತಗ್ಗಿಸಿದಳು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ಬೇಕಾಗಲಿಲ್ಲ.

“ನಂದೂ ಅವತ್ತು ಕೆಲ್ಸ ಮುಗೀಲಿಲ್ಲ ಮೇಷ್ಟ್ರೇ,” ಎಂದರು ಓಬಳಮ್ಮ. “ಮೊರದ ತುಂಬ ಆರ್ಸೋದು, ಯಾರೂ ನೋಡ್ದಾಗ ತಿರ್ಗಾ ರಾಶಿಗೇ ಸುರ್ಯೋದು. ನಮ್ಮೇಸ್ತ್ರಿ ಬೈದ್ನು, ಮದ್ವೆ ಹುಡ್ಗಿಗೆ ಕಣ್ಣೇ ಕಾಣ್ಸಲ್ವೇನೋ ಅಂತ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಆಯಪ್ಪ ಅದಾರಾ?”

“ಇದ್ದಾರೆ. ಕೊರಟಗೆರೆಯಲ್ಲಿ.”

“ಇರ್ಲಿ,” ಎಂದರು. ಬೇರೇನೂ ಹೇಳಿ ಕಳುಹಿಸಲಿಲ್ಲ. ಅನುಷಾಳಿಂದ ರಿಮೋಟ್ ತೆಗೆದುಕೊಂಡು ದನಿಯನ್ನು ತಾವೇ ಏರಿಸಿಕೊಂಡರು.

ಮಧುಗಿರಿಯಲ್ಲಿ ಇಳಿಯುವಾಗ ಸಂಜೆಯ ಬಿಸಿಲು ಬೆಟ್ಟದ ನೆತ್ತಿಗೇರಿತ್ತು. ಮಹಾಲಿಂಗಯ್ಯ ಸಿಮೆಂಟಿನ ಬೆಂಚಿನಿಂದ ಏಳಲಿಲ್ಲ, ನಾನು ಹತ್ತಿರ ಬರುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದ.

“ನೋಡಿದ್ಲಾ?”

“ನೋಡಿದರು.”

“ದುಡ್ಡಿಗೆ ಅಂದ್ಕಂಡ್ಲಾ?”

“ಇಲ್ಲ. ಅಂದಿನಿಂದಲೂ ಅಂದುಕೊಂಡಿರಲಿಲ್ಲ.”

ನಾನು ಓಬಳಮ್ಮನ ಮಾತನ್ನು ನನ್ನ ಭಾಷೆಗೆ ತಿರುಗಿಸದೆ, ಅವರು ಆಡಿದ ಹಾಗೆಯೇ ಹೇಳಿದೆ. ಮೊರದ ಮಾತು ಬಂದಾಗ ಮಹಾಲಿಂಗಯ್ಯ ತಲೆ ತಗ್ಗಿಸಿದ. ಕೊರಟಗೆರೆಯ ಬಸ್ಸು ಬಂದು ನಿಂತಿತು, ಗೊರವನಹಳ್ಳಿಗೆ ಹೋಗುವ ಹೆಂಗಸರು ಹತ್ತಿದರು, ಬಸ್ಸು ಹೊರಟೇ ಹೋಯಿತು. ಆತ ಕದಲಲಿಲ್ಲ.

“ಮೇಷ್ಟ್ರೇ, ಎಷ್ಟು ಸಲ ಸುರುದ್ಲಂತೆ?”

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.