ಆಗ ಇತ್ತು, ಈಗಿಲ್ಲ

ಆ ಬೇಸಿಗೆಯಲ್ಲಿ ಗುರುಸಿದ್ದವ್ವ ಬೆಳಗಿನ ನಾಲ್ಕೂವರೆಗೆ ಏಳುತ್ತಿದ್ದಳು. ರೊಟ್ಟಿ ಬಡಿದು, ಪಲ್ಯ ಮಾಡಿ, ಎರಡು ಬುತ್ತಿ ಕಟ್ಟಿಕೊಂಡು ಬಬಲೇಶ್ವರದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲೇ ಒಂದು ದಿನದ ಶಕ್ತಿ ಮುಗಿದುಹೋಗಿರುತ್ತಿತ್ತು. ಗಂಡ ಶಿವಯೋಗೆಪ್ಪನೂ ಅದೇ ಬಸ್ಸಿಗೆ ಬರುತ್ತಿದ್ದ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಇಬ್ಬರೂ ಒಂದೇ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಮಾಸ್ತರರಿಗೆ ಮೊದಲು ಇಂಗ್ಲಿಷ್ ಮಾತಾಡಲು ಬರಬೇಕೆಂದು ವಿಜಾಪುರದಲ್ಲಿ ಒಂದು ತಿಂಗಳ ತರಬೇತಿ ಇಟ್ಟಿದ್ದರು. ಅದು ಎಪ್ಪತ್ನಾಲ್ಕನೆಯ ಇಸವಿ.

ಗಂಡ ಹೆಂಡತಿ ಜಗಳವಾಡಿದವರಲ್ಲ. ಮೂರು ವರ್ಷದಿಂದ ಮಾತು ಕಡಿಮೆಯಾಗಿತ್ತು, ಅಷ್ಟೇ. ಹಿಟ್ಟು ತೀರಿದೆ, ನೀರು ತರಬೇಕು, ನಾಳೆ ಸೂಟಿ, ಇಂಥವು ಮಾತ್ರ. ಎಪ್ಪತ್ತೊಂದರ ಜನಗಣತಿಯ ಹೊತ್ತಿಗೆ ಅವರ ಆರು ವರ್ಷದ ಮಗಳು ಸಕ್ರವ್ವ ಜ್ವರ ಬಂದು ಮೂರನೆಯ ದಿನಕ್ಕೆ ತೀರಿಕೊಂಡಳು. ಶಿವಯೋಗೆಪ್ಪ ಆಗ ಗಣತಿಯ ಕೆಲಸಕ್ಕೆ ಕಾಖಂಡಕಿಗೆ ಹೋಗಿದ್ದ. ಅವನು ಮನೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಆಮೇಲೆ ಆ ಮನೆಯಲ್ಲಿ ಮಗಳ ಹೆಸರನ್ನು ಯಾರೂ ಎತ್ತಲಿಲ್ಲ.

ತರಬೇತಿ ಕೊಡುತ್ತಿದ್ದವರು ಅಬ್ದುಲಸಮದ ಮಾಸ್ತರರು. ಅರವತ್ತು ಸಮೀಪಿಸಿದ, ಮೆಲುದನಿಯ ಮನುಷ್ಯ. ತಗಡಿನ ಛಾವಣಿಯ ಕೋಣೆಯಲ್ಲಿ ನಲವತ್ತು ಮಂದಿ ಬೆವರುತ್ತ ಕೂತಿರುತ್ತಿದ್ದರು. ಹನ್ನೊಂದನೆಯ ದಿನ ಅವರು ಬೋರ್ಡಿನ ಮೇಲೆ ‘ಯೂಸ್ಡ್ ಟು’ ಎಂದು ಬರೆದು, ಹಿಂದೆ ರೂಢಿಯಿದ್ದು ಈಗ ಬಿಟ್ಟುಹೋದದ್ದನ್ನು ಹೇಳಲು ಇದು ಬೇಕು ಎಂದರು. ನಮ್ಮಲ್ಲಿ ‘ಹೋಗುತ್ತಿದ್ದೆ’ ಎಂದರೆ ಈಗಲೂ ಹೋಗುತ್ತಿರಬಹುದು, ಇಂಗ್ಲಿಷಿನಲ್ಲಿ ಆ ಅನುಮಾನ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು.

“ಆಗ ಇತ್ತು, ಈಗಿಲ್ಲ. ಎರಡೂ ಇದರಾಗ ಬಂತು ನೋಡ್ರಿ.”

ಆಮೇಲೆ ಹಾಜರಿ ಪಟ್ಟಿ ನೋಡಿ ಒಂದೇ ಶಾಲೆಯವರನ್ನು ಎದುರುಬದುರು ಕೂರಿಸಿದರು. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಹೀಗೆ ಗುರುಸಿದ್ದವ್ವನ ಎದುರಿಗೆ ಶಿವಯೋಗೆಪ್ಪ ಬಂದು ಕೂತ. ಅವರು ಗಂಡ ಹೆಂಡತಿ ಎಂಬುದು ಮಾಸ್ತರರಿಗೆ ಗೊತ್ತಿರಲಿಲ್ಲ.

ಅವನು ಬೋರ್ಡಿನ ಮೇಲಿದ್ದ ಪ್ರಶ್ನೆಯನ್ನೇ ಓದಿದ. ಸಂಜೆಯ ಹೊತ್ತು ನೀನು ಏನು ಮಾಡುತ್ತಿದ್ದೆ? ಅವಳು ಭಜನೆ ಎನ್ನಬಹುದಿತ್ತು, ಅಡುಗೆ ಎನ್ನಬಹುದಿತ್ತು. ನಿದ್ದೆ ಸಾಲದ ತಲೆಗೆ ಸುಳ್ಳು ಕಟ್ಟುವಷ್ಟು ತ್ರಾಣ ಇರಲಿಲ್ಲ.

“ಐ ಯೂಸ್ಡ್ ಟು ಕೋಂಬ್ ಹರ್ ಹೇರ್,” ಎಂದಳು. ಅವಳ ತಲೆ ಬಾಚುತ್ತಿದ್ದೆ.

ಶಿವಯೋಗೆಪ್ಪ ಪುಸ್ತಕ ನೋಡುತ್ತ ಕೂತ. ಸುತ್ತಲೂ ಮೂವತ್ತೆಂಟು ಮಂದಿ ತಾವು ಈಜುತ್ತಿದ್ದುದನ್ನು, ಬೀಡಿ ಸೇದುತ್ತಿದ್ದುದನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಅವನು ಪುಸ್ತಕ ಮುಚ್ಚಿ, ‘ಶಿ ಯೂಸ್ಡ್ ಟು ಹೈಡ್ ಮೈ’ ಎಂದವನು ಮುಂದಿನ ಶಬ್ದ ಸಿಗದೆ ‘ಚಾಳೀಸು’ ಎಂದು ಮುಗಿಸಿದ. ಸಕ್ರವ್ವ ಅವನ ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿಡುತ್ತಿದ್ದಳು.

ಗುರುಸಿದ್ದವ್ವ ಕೇಳುವ ಸರದಿ ಬಂತು. ಗಂಡನ ಎದುರು ನಿಂತು ಏನನ್ನೂ ಕೇಳಿದ ಅಭ್ಯಾಸ ಅವಳಿಗಿರಲಿಲ್ಲ. ಕನ್ನಡದಲ್ಲಾದರೆ ‘ನೀವು’ ಎನ್ನುವಷ್ಟರಲ್ಲಿಯೇ ಅದು ಹಿಟ್ಟು ನೀರಿನ ಮಾತಾಗಿಬಿಡುತ್ತಿತ್ತು. ಈ ಭಾಷೆ ಯಾರದೋ ಆಗಿತ್ತು.

“ಯೂ ಯೂಸ್ಡ್ ಟು ಟಾಕ್,” ಎಂದಳು.

ಅಷ್ಟರಲ್ಲಿ ಅಬ್ದುಲಸಮದ ಮಾಸ್ತರರು ಬಂದು ನಿಂತಿದ್ದರು. ವಾಕ್ಯ ಬರೋಬರಿ ಇದೆ ಎಂದು ತಲೆಯಾಡಿಸಿ, ಉದಾಹರಣೆ ಪೂರ್ತಿಯಾಗಲಿ ಎಂದು ಶಿವಯೋಗೆಪ್ಪನ ಕಡೆ ತಿರುಗಿ, ಹಾಗಾದರೆ ಈಗ ಮಾತಾಡುವುದಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ಎದ್ದು ನಿಂತು “ನೋ, ಸರ್” ಎಂದ. ಪಕ್ಕದ ಬೆಂಚಿನವರು ನಕ್ಕರು. ಅವನ ಮುಖ ನೋಡಿದ ಮಾಸ್ತರರು ನಗಲಿಲ್ಲ. ಕೂರಲು ಹೇಳಿ ಮುಂದಿನ ಬೆಂಚಿಗೆ ಹೋದರು.

ಸಂಜೆಯ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಶಿವಯೋಗೆಪ್ಪ ಮುಂದೆ ಬಂದು ಹೆಂಡತಿಯ ಬಾಜೂಕೆ ಕೂತ. ಊರ ಹೊರಗಿನ ಜೋಳದ ಹೊಲಗಳು ಬೋಳಾಗಿ ಬಿದ್ದಿದ್ದವು. ಅರ್ಧ ದಾರಿ ಕಳೆದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

“ಆಗ ನೀ ಕಳಿಸಿದ ಚೀಟಿ ಕಾಖಂಡಕಿಯೊಳಗ ನನಗ ಮುಟ್ಟಿತ್ತು. ಮುಟ್ಟಿಲ್ಲ ಅಂತ ನೀ ತಿಳದಿದ್ದಿ. ನಾನೂ ಹೇಳಲಿಲ್ಲ. ಒಂದು ಓಣಿ ಉಳದಿತ್ತು, ಅದನ್ನ ಮುಗಿಸಿ ಬರೂಣು ಅಂತ ಕುಂತೆ.”

ಗುರುಸಿದ್ದವ್ವ ಅವನ ಕಡೆ ತಿರುಗಿದಳು. ಆ ಚೀಟಿಯಲ್ಲಿ ಬರೆದದ್ದು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು. ಅದು ಅವನಿಗೆ ತಲುಪಿರದಿರಲಿ ಎಂದು ಮೂರು ವರ್ಷ ಬೇಡಿಕೊಂಡಿದ್ದಳು.

“ಅದರಾಗ ನಾ ಏನು ಬರದಿದ್ದೆ, ಹೇಳ್ರಿ.”

“ಜ್ವರ ಬಂದೈತಿ, ಗಾಬರಿ ಆಗಬ್ಯಾಡ್ರಿ, ಕೆಲಸ ಮುಗಿಸೇ ಬರ್ರಿ ಅಂತ.”

“ಹಂಗ ಬರದಾಕಿ ನಾನ. ನೀವು ಓಣಿ ಮುಗಿಸಿದ್ದು ನನ್ನ ಮಾತಿಗೆ.”

ಅವನು ಅಲ್ಲ ಎಂದು ತಲೆಯಾಡಿಸಿದ. ಅವಳು ಅಳಲಿಲ್ಲ. ಅವನು ತನ್ನನ್ನು ದೂರುತ್ತ ಮೌನವಾಗಿದ್ದಾನೆಂದು ಇಷ್ಟು ದಿನ ತಿಳಿದಿದ್ದಳು, ಅವಳು ತನ್ನನ್ನು ದೂರುತ್ತಿದ್ದಾಳೆಂದು ಅವನೂ ತಿಳಿದಿದ್ದ. ಇಬ್ಬರೂ ಈಗ ಅದನ್ನು ಕಂಡರು, ಕಂಡು ಇನ್ನಷ್ಟು ದಣಿದರು. ಬಬಲೇಶ್ವರ ಬರುವವರೆಗೆ ಅವಳ ತಲೆ ಅವನ ಹೆಗಲಿಗೆ ವಾಲಿತ್ತು. ಅವನು ಅಲುಗದೆ ಕೂತಿದ್ದ.

ಅವರ ಬಾಳು ಒಮ್ಮೆಲೇ ಹಸನಾಗಲಿಲ್ಲ. ತರಬೇತಿ ಮುಗಿಯಿತು, ಶಾಲೆ ತೆರೆಯಿತು, ಮಾತು ಅಷ್ಟಕ್ಕಷ್ಟೇ ಇತ್ತು. ಆದರೆ ಶ್ರಾವಣದ ಒಂದು ಸೋಮವಾರ ಟಿಕೋಟಾದಿಂದ ಅವಳ ತಾಯಿ ಲಕ್ಕವ್ವ ಬಂದಾಗ, ಊಟಕ್ಕೆ ಕೂತ ಶಿವಯೋಗೆಪ್ಪ ತಾನಾಗಿಯೇ ಹೇಳತೊಡಗಿದ. ಸಕ್ರವ್ವನಿಗೆ ಸಜ್ಜಿ ರೊಟ್ಟಿ ಸೇರುತ್ತಿರಲಿಲ್ಲ, ತಾಯಿ ಅತ್ತ ತಿರುಗಿದಾಗ ಅದನ್ನು ಅಪ್ಪನ ತಾಟಿಗೆ ಹಾಕಿಬಿಡುತ್ತಿದ್ದಳು ಎಂದ. ಮುದುಕಿ ಬೆದರಿ ಮಗಳ ಮುಖ ನೋಡಿದಳು. ಗುರುಸಿದ್ದವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಇಡುತ್ತ, ಅದು ತನಗೆ ಆಗಲೇ ಗೊತ್ತಿತ್ತು ಎಂದಳು.